ಎಡಗೈ ಹೆಬ್ಬೆಟ್ಟು

ಅದು ತೊಂಬತ್ತೊಂದರ ಬೇಸಿಗೆ. ಊರೂರು ತಿರುಗಿ ಬಳೆ ಇಡಿಸುವ ತಾಜಬಿ ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಬುಟ್ಟಿ ಇಳಿಸಿ, ಅಂಕಲಿ ಬಸ್ಸಿನ ದಾರಿ ಕಾಯುತ್ತಿದ್ದಳು. ಪಕ್ಕದಲ್ಲಿ ಕೂತ ಇಬ್ಬರು ಅಕ್ಕತಂಗಿಯರೆಂದು ಮೂಗು ನೋಡಿದರೇ ಗೊತ್ತಾಗುತ್ತಿತ್ತು. ಒಂದೇ ಮನೆಯ ಅಣ್ಣತಮ್ಮಂದಿರಿಗೆ ಅವರನ್ನು ಕೊಟ್ಟಿದ್ದಾರೆಂಬುದು ಮಾತು ಶುರುವಾದ ಮೇಲೆ ತಿಳಿಯಿತು.

“ಬೆಂಗಳೂರಾಗ ಅಪೀಲ ಹಾಕೇವಿ, ಅಕ್ಕಾ. ಅಣ್ಣತಮ್ಮರು ರಾಜಿ ಆಗ್ಯಾರಂತ ಭಾವ ಬರಕೊಟ್ರ ಶಿಕ್ಷಾ ಕಮ್ಮಿ ಆಗತೈತಂತ ವಕೀಲರು ಅಂದ್ರು.”

“ರಾಜಿ ಯಾವಾಗ ಆತು, ಕಸ್ತೂರಿ? ನನಗ ಗೊತ್ತ ಇಲ್ಲಲ್ಲ.”

“ಬಾವಿ ನೀರಿನ ಪಾಳಿ ಸಲುವಾಗಿ ನಮ್ಮವರು ಸಿಟ್ಟ ಬಂದು ಹೊಡದಾರ. ಕೊಲ್ಲಬೇಕಂತ ಅಲ್ಲ.”

“ಕಬ್ಬ ಕಡಿಯೂ ಕೊಯ್ತಾ ಕುತ್ತಿಗಿಗೇ ಬೀಸಿದ್ದ. ನಿನ್ನ ಭಾವ ಬಲಗೈ ಅಡ್ಡ ತಂದ್ರು, ಕೈ ಹೋತು.”

“ಏಳ ವರ್ಷ ಜೈಲ ಅಂದ್ರ ಹುಡುಗೂರನ್ನ ಕಟಗೊಂಡು ನಾ ಏನ ಮಾಡ್ಲಿ? ಒಂದ ಸಹಿ ಮಾಡಿಸಿ ಕೊಡಕ್ಕಾ.”

“ಸಹಿ ಮಾಡೂ ಕೈನ ಅಲ್ಲೇನ ನಿನ್ನ ಗಂಡ ಕಡದದ್ದು?”

ತಾಜಬಿ ಕೇಳಿಯೂ ಕೇಳದವಳ ಹಾಗೆ ಬುಟ್ಟಿಯ ಬಳೆ ಸರಿಪಡಿಸಿದಳು. ತಂಗಿ ತಲೆ ತಗ್ಗಿಸಿದಳು, ಆದರೆ ಮಾತು ಬಿಡಲಿಲ್ಲ.

“ಎಡಗೈ ಹೆಬ್ಬೆಟ್ಟ ಒತ್ತಿದ್ರೂ ನಡೀತೈತಂತ.”

ರಾಯಬಾಗ ಬಸ್ಸು ಬಂದು ನಿಂತಿತು. ಅಕ್ಕ ಸೆರಗು ಕೊಡವಿ ಎದ್ದಳು. ಮೆಟ್ಟಿಲ ಮೇಲೆ ಕಾಲಿಟ್ಟು ಒಮ್ಮೆ ತಿರುಗಿದಳು.

“ಊಟದ ಹೊತ್ತಿಗೆ ಬಾ. ಆ ಕೈಲೇ ಉಣ್ಣಾಕತ್ತಿರತಾರ. ಎಂಜಲಾ ತೊಳದು, ನೀನ ಒತ್ತಿಸಿಕೊಂಡ ಹೋಗ.”