ಹದಿನೆಂಟಿಂಚಿನ ಸಬ್‌ವೂಫರ್

ಕಪಾಟಿನ ಹಲಗೆ ಕೊಯ್ಯಿಸಲು ಪ್ಲೈವುಡ್ ಅಂಗಡಿಯಲ್ಲಿ ನಿಂತಿದ್ದ ದರ್ಜಿಗೆ, ಮುಂದಿದ್ದ ಅಕ್ಕ ತಮ್ಮನ ಜಗಳ ಕೇಳಿ ಕಾಯುವ ಬೇಸರವೇ ಹೋಯಿತು.

“ಹದಿನೆಂಟಿಂಚಿನ ಸಬ್‌ವೂಫರ್ ಸ್ಪೀಕರ್ ಪೆಟ್ಟಿಗೆ ಒಂದೇ ಮಾಡೋಣ ಅಕ್ಕಾ. ಶನಿವಾರ ನಮ್ಮ ಮೊದಲನೇ ಡಿಜೆ ಕಾರ್ಯಕ್ರಮ, ಜನರ ಎದೆ ನಡುಗಬೇಕು.”

“ಹಾಲ್ ಮೂರನೇ ಮಹಡೀಲಿದೆ, ಲಿಫ್ಟಿಲ್ಲ. ಮೊದಲು ನಿನ್ನೆದೆ ನಡುಗುತ್ತೆ. ಹನ್ನೆರಡಿಂಚಿಂದು ಎರಡು ಮಾಡು.”

“ಅದರಲ್ಲಿ ಅಷ್ಟು ಬೇಸ್ ಬರಲ್ಲ.”

“ಹೋದ್ಸಲದ್ದನ್ನ ನೀನು ರೂಮಲ್ಲೇ ಕಟ್ಟಿದೆ, ಆಚೆ ತರೋಕೆ ಬಾಗಿಲಲ್ಲಿ ಹಿಡೀಲಿಲ್ಲ. ಈಗ ಅಮ್ಮ ಅದರ ಮೇಲೆ ಇಸ್ತ್ರಿ ಮಾಡ್ತಾಳೆ.”

“ಅಮ್ಮನಿಗೆ ಅನುಕೂಲ ಆಯ್ತಲ್ಲ!”

“ಈ ಸಲ ಅಪ್ಪನಿಗೆ ಮಂಚಾನಾ?”

ಹಲಗೆ ಕೊಯ್ಯುವವನು ತಲೆಯೆತ್ತಿದ. “ಅಳತೆ ಹೇಳಿ.”

ತಮ್ಮ ನಿಟ್ಟುಸಿರು ಬಿಟ್ಟ. “ಹನ್ನೆರಡಿಂಚಿಂದೇ, ಎರಡು. ಆದ್ರೆ ಅಕ್ಕಾ, ಒಂದನ್ನ ನೀನೇ ಹೊರಬೇಕು.”

“ಹೊರ್ತೀನಿ ಕಣೋ. ಅದಕ್ಕೇ ಎರಡು ಅಂದಿದ್ದು.”

ಕೊಯ್ದ ಹಲಗೆಗಳ ಒಂದೊಂದು ತುದಿ ಹಿಡಿದು ಇಬ್ಬರೂ ಹೊರಟರು.