ಬಾವಿ ಮೇಲಿನ ಲೇತು

ಜಿಗಣಿಯ ಹಿಂಭಾಗದ ಒಂದು ಅಡ್ಡರಸ್ತೆಯಲ್ಲಿ ಬಾವಿ ಇತ್ತು. ಈಗಿಲ್ಲ, ಅದರ ಮೇಲೆ ಶೆಡ್ಡಿದೆ. ಆದರೂ ಹಳೇ ಊರಿನವರು ರಾತ್ರಿ ಹೊತ್ತು ಆ ಜಾಗ ದಾಟುವಾಗ ಮಾತು ನಿಲ್ಲಿಸಿಬಿಡುತ್ತಾರೆ. ನಮ್ಮ ಚಿಕ್ಕಪ್ಪನ ಮಗ ಅಮರೇಶ ಅದನ್ನು ನೋಡಿ ನಗುತ್ತಿದ್ದ. ಹೋದ ಕಾರ್ತಿಕದವರೆಗೆ ನಗುತ್ತಿದ್ದ.

ಆವತ್ತು ರಾತ್ರಿ ಹನ್ನೊಂದೂವರೆ. ಅಮರೇಶ ತನ್ನ ವರ್ಕ್‌ಶಾಪಿನ ಶಟರ್ ಎಳೆದು, ಬೀಗ ಹಾಕಿ, ಮನೆ ಕಡೆ ಹೊರಟ. ಪಕ್ಕದ್ದೇ ಈರಪ್ಪನ ಶೆಡ್ಡು, ಆ ಬಾವಿ ಮೇಲಿನದು. ಈರಪ್ಪ ಸತ್ತು ಎರಡು ತಿಂಗಳಾಗಿತ್ತು. ಒಳಗೆ ಒಂದು ಮೊಳೆಯೂ ಇಲ್ಲ, ಕರೆಂಟೂ ಇಲ್ಲ. ಎರಡು ಹೆಜ್ಜೆ ದಾಟಿದ್ದನೋ ಇಲ್ಲವೋ… ಒಳಗಿಂದ ಸದ್ದು.

ಟ್ರಿಕ್… ಟ್ರಿಕ್… ಟ್ರಿಕ್.

ಇಲಿಯಲ್ಲ. ಹಲ್ಲಿಯೂ ಅಲ್ಲ. ಇಪ್ಪತ್ತು ವರ್ಷ ಕಬ್ಬಿಣದ ಜೊತೆ ಬಾಳಿದವನಿಗೆ ಆ ಸದ್ದು ಗೊತ್ತಾಗದೇ ಇರುತ್ತಾ? ಕಂಬಿಯ ದಪ್ಪ ಅಳೆಯುವ ಮೈಕ್ರೋಮೀಟರಿನ ಸದ್ದು. ಕಬ್ಬಿಣ ತಾಕಿದ ಮೇಲೆ ಅದರ ಹಿಡಿ ಜಾರುತ್ತದಲ್ಲ, ಆ ಸದ್ದು. ಸರಿಯಾಗಿ ಮೂರು ಸಲ. ಈರಪ್ಪ ಯಾವತ್ತೂ ಮೂರೇ ಸಲ ತಿರುಗಿಸುತ್ತಿದ್ದ.

ಅಮರೇಶ ಹಿಂದೆ ತಿರುಗಿ ನೋಡದೆ ಮನೆ ಸೇರಿದ. ಹೆಂಡತಿ ಮಂಜುಶ್ರೀ "ಯಾಕ್ರೀ ಹಿಂಗೆ ಬೆವತಿದೀರ?" ಅಂದಳು. ಅಮರೇಶ ಸದ್ದಿನ ವಿಷಯ ಹೇಳಬೇಕಾದರೆ ಇನ್ನೊಂದು ಸಂಗತಿಯನ್ನೂ ಹೇಳಬೇಕಾಗುತ್ತಿತ್ತು.

ಆ ಸಂಗತಿ ಏನು ಅಂತೀರಾ? ಈರಪ್ಪ ಊರಿನ ಹಳೇ ರೈತ ಮನೆತನದವನು. ಹೊಲವೆಲ್ಲ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋದ ಮೇಲೆ, ಉಳಿದ ತುಂಡು ಜಾಗದಲ್ಲಿದ್ದ ಬಾವಿಗೆ ಕಲ್ಲು, ಇಟ್ಟಿಗೆಚೂರು ತುಂಬಿ, ಮೇಲೆ ಕಾಂಕ್ರೀಟು ಹಾಕಿ ಶೆಡ್ಡು ಕಟ್ಟಿದ. ಕಬ್ಬಿಣದ ಕಂಬಿ ಕಡೆಯುವ ಒಂದು ಲೇತು ತಂದ. ಅಮರೇಶನಿಗೆ ಆ ಕೆಲಸ ಕಲಿಸಿದವನು ಅವನೇ. ಈರಪ್ಪ ಮಾಡಿಕೊಟ್ಟ ಶಾಫ್ಟಿನ ಕಂಬಿಯನ್ನು ಕಂಪನಿಯವರು ಮತ್ತೆ ಅಳೆಯುತ್ತಲೇ ಇರಲಿಲ್ಲ, ಅಷ್ಟು ನಂಬಿಕೆ.

ಕೊನೆಯ ಎರಡು ವರ್ಷ ಏನಾಯಿತೋ… ಮಾಡಿದ್ದೆಲ್ಲ ಒಂದು ತುದಿ ಸರಿ, ಇನ್ನೊಂದು ತುದಿ ಕೂದಲೆಳೆಯಷ್ಟು ದಪ್ಪ. ಮಾಲು ವಾಪಸ್ಸು ಬರತೊಡಗಿತು. ಈರಪ್ಪ ಒಂದೇ ವರ್ಷದಲ್ಲಿ ಮೂರು ಕನ್ನಡಕ ಬದಲಾಯಿಸಿದ. ಮೂರನೆಯದರ ಎಡಗಡೆ ಕಡ್ಡಿ ಮುರಿದು, ಅದಕ್ಕೆ ತಾಮ್ರದ ತಂತಿ ಸುತ್ತಿಕೊಂಡಿದ್ದ. ಒಂದೇ ಕಂಬಿಯನ್ನು ನೂರು ಸಲ ಅಳೆಯುವನು. ಆಮೇಲೆ ಗೋಡೆಯಾಚೆಯಿಂದ ಅಮರೇಶನನ್ನು ಕರೆಯುವನು: "ಎಷ್ಟೈತೆ ಮಗಾ? ವಸಿ ನೋಡೇಳು."

ಒಂದು ದಿನ ಅಮರೇಶ ಅಂದುಬಿಟ್ಟ: "ಬೇಜಾರು ಮಾಡ್ಕೋಬೇಡಿ ಅಣ್ಣ. ಮಿಷನ್ ಸವೆದೈತೆ. ನಿಮ್ ಕಣ್ಣೂ ಮೊದಲಿನಂಗಿಲ್ಲ. ಸಾಕು ಬಿಡಿ."

ಈರಪ್ಪ ತನ್ನ ಎರಡೂ ಅಂಗೈ ನೋಡಿಕೊಂಡ. ಅವತ್ತಿನಿಂದ ಆರ್ಡರು ಕೇಳಿಕೊಂಡು ಯಾರ ಬಾಗಿಲಿಗೂ ಹೋಗಲಿಲ್ಲ. ಗೌರಿಹಬ್ಬ ಕಳೆದ ವಾರ, ಮಲಗಿದವನು ಏಳಲಿಲ್ಲ. ಊರಾಚೆ ನೆಂಟರೊಬ್ಬರ ಹೊಲದ ಮೂಲೆಯಲ್ಲಿ ಮಣ್ಣು ಮಾಡುವಾಗ ಹೆಂಡತಿ ಬಸಮ್ಮ ಆ ಕನ್ನಡಕವನ್ನು ಅವನ ಅಂಗಿ ಜೇಬಿಗಿಟ್ಟಳು. "ಅಲ್ಲಾದ್ರೂ ಸರಿಯಾಗ್ ಕಾಣ್ಲಿ" ಅಂದಳು. ನೆರೆದವರೆಲ್ಲ ಅತ್ತರು.

ಬಸಮ್ಮ ಮಾರಲು ಹೊರಟ ಲೇತಿಗೆ ಗುಜರಿಯವನು ತೂಕದ ಲೆಕ್ಕದಲ್ಲಿ ಅರವತ್ತು ಸಾವಿರ ಅಂದ. ಅಮರೇಶ ಅಲ್ಲೇ ಶೆಡ್ಡಿನಲ್ಲಿ ಒಂದು ಕಂಬಿ ಹಾಕಿ ಓಡಿಸಿ, ಎರಡೂ ತುದಿ ಅಳೆದು ನೋಡಿದ. ಅದೇ ವ್ಯತ್ಯಾಸ.

"ಸವೆದೈತೆ ಬಸಮ್ಮಕ್ಕ. ಆದ್ರೂ ಗುಜರಿಗೆ ಬೇಡ. ಎಂಬತ್ತು ಸಾವಿರ ನಾನ್ ಕೊಡ್ತೀನಿ."

"ನೀನೇಳಿದ್ದೇ ಬೆಲೆ ಕಣಪ್ಪ. ನಂಗೇನ್ ಗೊತ್ತಾಯ್ತದೆ."

ನ್ಯಾಯವಾಗಿ ನಡೆದುಕೊಂಡೆ ಅಂತ ಅವನು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ. ಸುಳ್ಳಲ್ಲ, ಅವನಿಗೆ ನಿಜವಾಗಿಯೂ ಹಾಗೇ ಅನಿಸಿತ್ತು.

ಲೇತನ್ನು ತನ್ನ ವರ್ಕ್‌ಶಾಪಿಗೆ ತಂದು, ಮಟ್ಟ ಹಿಡಿದು, ಬೋಲ್ಟು ಬಿಗಿದು ಓಡಿಸಿದ. ಕಂಬಿ ತೆಗೆದು ಅಳೆದ. ಎರಡೂ ತುದಿ ಒಂದೇ! ಮತ್ತೊಂದು ಕಂಬಿ ಹಾಕಿದ. ಅದೂ ಒಂದೇ. ಬೇರಿಂಗಿನ ಒಂದು ಉಕ್ಕಿನ ಗುಂಡು ತೆಗೆದುಕೊಂಡು, ಇನ್ನೂ ಬೀಗ ಬೀಳದ ಈರಪ್ಪನ ಖಾಲಿ ಶೆಡ್ಡಿಗೆ ಹೋಗಿ ನೆಲದ ಮೇಲಿಟ್ಟ. ಗುಂಡು ಗುರ್ರ್… ಎಂದು ತಾನಾಗಿಯೇ ಉರುಳಿ, ಬಾವಿ ಇದ್ದ ಮೂಲೆಗೆ ಹೋಗಿ ನಿಂತಿತು.

ತುಂಬಿದ ಬಾವಿ ಒಳಗೊಳಗೇ ಕುಸಿದಿತ್ತು. ಲೇತಿನ ಒಂದು ಕಾಲು ಅದರ ಜೊತೆ ಕೆಳಗಿಳಿದು, ಮಿಷನ್ ಸೊಟ್ಟಗೆ ನಿಂತಿತ್ತು, ಅಷ್ಟೇ. ಈರಪ್ಪನ ಕಣ್ಣಿಗೆ ಏನೂ ಆಗಿರಲಿಲ್ಲ. ಇಷ್ಟು ಸಣ್ಣ ವಿಷಯ, ಕಸುಬು ಬಲ್ಲ ಇಬ್ಬರಿಗೂ ಹೊಳೆಯಲಿಲ್ಲ.

ಆ ಮಿಷನ್ ಎರಡೂಕಾಲು ಲಕ್ಷಕ್ಕೆ ಕಣ್ಣು ಮುಚ್ಚಿ ಹೋಗುವಂಥದ್ದು. ಅಮರೇಶ ಮೂರು ವಾರ ಬಾಯಿ ಬಿಡಲಿಲ್ಲ. ಗೊತ್ತಿದ್ದು ಮೋಸ ಮಾಡಿದೆನಾ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ. ಆಗಲೇ ಆ ಸದ್ದು ಕೇಳಿದ್ದು.

ಮರುದಿನ ರಾತ್ರಿ ಅಮರೇಶನ ಕಾಲು ತಾನಾಗಿಯೇ ಈರಪ್ಪನ ಶೆಡ್ಡಿನ ಶಟರಿನ ಮುಂದೆ ನಿಂತಿತು. ಟ್ರಿಕ್… ಟ್ರಿಕ್… ಟ್ರಿಕ್. ಆಮೇಲೆ ಮೌನ. ಆಮೇಲೆ ಪಿಸುದನಿ, ಶಟರಿನ ಆ ಕಡೆ, ಕಿವಿಯ ಹತ್ತಿರವೇ…

"ಎಷ್ಟೈತೆ ಮಗಾ?"

ಅಮರೇಶ ಓಡಲಿಲ್ಲ. ಅಲ್ಲೇ ಕುಸಿದು ಕೂತು ಅತ್ತ. ಹೆದರಿ ಅಲ್ಲ. ಸತ್ತ ಮೇಲೂ ಈ ಮನುಷ್ಯ ಅಳೆಯುತ್ತಲೇ ಇದ್ದಾನಲ್ಲ ಅಂತ ಅತ್ತದ್ದು.

ಬೆಳಿಗ್ಗೆ ತಾನು ಎತ್ತಿದ್ದ ಚೀಟಿ ದುಡ್ಡು ತೆಗೆದುಕೊಂಡು ಬಸಮ್ಮನ ಮನೆಗೆ ಹೋದ. ಉಳಿಕೆ ಒಂದು ಲಕ್ಷ ನಲವತ್ತೈದು ಸಾವಿರ ಅವಳ ಮುಂದಿಟ್ಟು, ಬಾವಿಯ ವಿಷಯ, ಗುಂಡಿನ ವಿಷಯ, ಮೂರು ವಾರ ಸುಮ್ಮನಿದ್ದ ವಿಷಯ ಎಲ್ಲ ಹೇಳಿದ. ಬಸಮ್ಮ ದುಡ್ಡಿನ ಕಡೆ ನೋಡಲೇ ಇಲ್ಲ.

"ಅಂಗಾರೆ… ಅವ್ರ ಕಣ್ಣು ಸರಿಯಾಗಿತ್ತಾ?"

"ಸರಿಯಾಗಿತ್ತಕ್ಕ."

"ಕೈ?"

"ಕೈಯೂ."

ಬಸಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಆಮೇಲೆ ಅಮರೇಶ ರಾತ್ರಿಯ ಸದ್ದಿನ ವಿಷಯವನ್ನೂ ಹೇಳಿದ. ಅವಳು ಬೀರು ತೆಗೆದಳು. ಈರಪ್ಪನ ಮೈಕ್ರೋಮೀಟರ್ ಮರದ ಡಬ್ಬಿಯಲ್ಲಿ, ಬಟ್ಟೆ ಸುತ್ತಿಕೊಂಡು ಹಾಗೇ ಮಲಗಿತ್ತು.

"ನಂಗೇಳ್ದಲ್ಲ, ಅದ್ನ ಅವ್ರಿಗೂ ಏಳ್ಬಿಡಪ್ಪ" ಅಂದಳು.

ಆ ರಾತ್ರಿ ಅಮರೇಶ ಈರಪ್ಪನ ಲೇತಿನ ಮೇಲೆಯೇ ಮೊಳದುದ್ದದ ಒಂದು ಕಂಬಿ ಮಾಡಿದ. ಇನ್ನೂ ಬೆಚ್ಚಗಿದ್ದದ್ದನ್ನು ತಂದು, ಶಟರಿನ ಕೆಳಗಿನ ಸಂದಿಯಲ್ಲಿ ಒಳಗೆ ತಳ್ಳಿದ.

"ಎರಡೂ ಕಡೆ ಒಂದೇ ಐತೆ ಅಣ್ಣ" ಅಂದ, ಉಸಿರಲ್ಲಿ. "ಬಾವಿ ಕುಸಿದಿತ್ತು. ನಿಮ್ದೇನೂ ತಪ್ಪಿರ್ಲಿಲ್ಲ. ನಾನೇ ತಪ್ಪು ಹೇಳ್ಬಿಟ್ಟೆ."

ಕಂಬಿ ಕಾಂಕ್ರೀಟಿನ ಮೇಲೆ ಕರಕರ ಉರುಳಿತು. ಯಾರೋ ಎತ್ತಿಕೊಂಡ ಹಾಗೆ ಸದ್ದು ನಿಂತಿತು. ಟ್ರಿಕ್… ಟ್ರಿಕ್… ಟ್ರಿಕ್. ಒಂದು ತುದಿ. ಬಹಳ ಹೊತ್ತು ಏನೂ ಇಲ್ಲ. ದೂರದಲ್ಲಿ ಹೆದ್ದಾರಿ ಲಾರಿಯ ಹಾರನ್. ಆಮೇಲೆ ಇನ್ನೊಂದು ತುದಿ. ಟ್ರಿಕ್… ಟ್ರಿಕ್… ಟ್ರಿಕ್.

"ನಂಗೂ… ಅಂಗೇ ಅನ್ಸಿತ್ತು ಮಗಾ."

ಅಷ್ಟೇ. ಅವತ್ತಿನಿಂದ ಇವತ್ತಿನವರೆಗೆ ಆ ಶೆಡ್ಡಿನಲ್ಲಿ ಸದ್ದಿಲ್ಲ.

ಬೆಳಗಾದ ಮೇಲೆ ಬಸಮ್ಮ ಬೀಗದ ಕೈ ತಂದಳು. ಇಬ್ಬರೂ ಸೇರಿ ಶಟರ್ ಎತ್ತಿದರು. ಕಂಬಿ ಕಿಟಕಿಯ ಕೆಳಗೆ ಗೋಡೆಗೆ ಒರಗಿಸಿಟ್ಟಿತ್ತು. ನೆಲದ ಧೂಳಿನಲ್ಲಿ ಹೆಜ್ಜೆ ಗುರುತಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಒಂದು ಕನ್ನಡಕ. ಗಾಜಿನ ಅಂಚಿಗೆ ಹಸಿ ಕೆಮ್ಮಣ್ಣು. ಇಬ್ಬರೂ ಹೊಲದ ಮೂಲೆಗೆ ಓಡಿ ಹೋಗಿ ನೋಡಿದರು. ಗುಣಿಯ ಮೇಲೆ ಪೇರಿಸಿದ್ದ ಕಲ್ಲು ಒಂದೂ ಕದಲಿರಲಿಲ್ಲ.

ಕತೆ ಕಟ್ಟಿದ್ದಲ್ಲ ಇದು. ಬಸಮ್ಮ ಈಗಲೂ ಆ ಕನ್ನಡಕವನ್ನು ದೇವರ ಗೂಡಿನಲ್ಲಿಟ್ಟಿದ್ದಾಳೆ. ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ, ಎಡಗಡೆ ಕಡ್ಡಿಗೆ ತಾಮ್ರದ ತಂತಿ ಇದೆ. ಸಿಕ್ಕಿದಾಗ ಅದರ ಎರಡೂ ಕಡ್ಡಿ ಮಡಚಿತ್ತಂತೆ. ದಿನದ ಕೆಲಸ ಮುಗಿದ ಮೇಲೆ ಅವರು ಹಾಗೇ ಮಡಚಿಡುತ್ತಿದ್ದರು ಅಂತ ಬಸಮ್ಮ ಹೇಳಿದಳು.