ಹೈರಮ್ ಹೇಳಿಕೊಟ್ಟ ಕೊನೆಯ ಸಾಲು

ನಂಬುವುದು ಬಿಡುವುದು ನಿಮಗೆ ಸೇರಿದ್ದು... ಆದರೆ ನಮ್ಮ ಪಕ್ಕದ ಮನೆಯ ಲೋವೆಲ್ ಕತೆ ಕಟ್ಟುವಷ್ಟು ತ್ರಾಣ ಉಳಿದಿರುವ ಮನುಷ್ಯನಲ್ಲ. ಹಗಲೆಲ್ಲ ರೇಡಿಯೋ ಸ್ಟೇಷನ್ನಿನಲ್ಲಿ ದುಡಿತ, ಕತ್ತಲಾದರೆ ಊರವರ ಹಳೇ ಟೇಪುಗಳ ರಿಪೇರಿ.

ಆ ಶನಿವಾರ ರಾತ್ರಿ ನಮ್ಮ ಈ ಕೆಂಟಕಿ ಕಣಿವೆಗೆ ಮಂಜು ಇಳಿದಿತ್ತು. ಕಂಕುಳಲ್ಲಿ ಟೇಪಿನ ಸುರುಳಿ ಇಟ್ಟುಕೊಂಡು ಲೋವೆಲ್ ಚರ್ಚಿನ ಬಾವಿ ದಾಟುತ್ತಿದ್ದ. ಕಣ್ಣು ಉರಿಯುತ್ತಿತ್ತು. ಹಿಂದಿನಿಂದ... ಟಿಣ್.

ತಗಡಿನ ಬುತ್ತಿ ಡಬ್ಬಿಯ ಹಿಡಿಕೆ ಮುಚ್ಚಳಕ್ಕೆ ತಾಗುವ ಸದ್ದು. ಗಣಿಯಿಂದ ಬರುವವರ ಖಾಲಿ ಡಬ್ಬಿ ಹಾಗೆ ಸದ್ದು ಮಾಡುತ್ತಿತ್ತು. ಗಣಿ ಮುಚ್ಚಿ ಎಷ್ಟೋ ವರ್ಷವಾಗಿದೆ.

"ಯಾರದು?" ಅಂದ, ಪಿಸುದನಿಯಲ್ಲಿ.

ಯಾರೂ ಇಲ್ಲ. ಹೆಜ್ಜೆ ಇಟ್ಟ... ಟಿಣ್... ಟಿಣ್. ಬೇರೆ ದಿನವಾಗಿದ್ದರೆ ಬಿದ್ದಂಬೀಳ ಓಡುತ್ತಿದ್ದ. ಆವತ್ತು ಹೆದರುವುದಕ್ಕೂ ಅವನಿಗೆ ಸುಸ್ತು. "ಬರೋದಾದ್ರೆ ಬಾ ಮಾರಾಯ" ಅಂದುಕೊಂಡು ನಡೆದ.

ಟೇಪು ರಿಪೇರಿಗೆ ಕೊಟ್ಟಿದ್ದ ಓಸಿ ದೊಡ್ಡಮ್ಮ ತನ್ನ ಮನೆಯ ಜಗಲಿಯಲ್ಲಿ ದೀಪ ಹಾಕದೆ ಕೂತಿದ್ದಳು.

"ಆಯ್ತೇನೋ?"

"ಆಯ್ತು ದೊಡ್ಡಮ್ಮ. ಹಳೇ ಅಂಟೆಲ್ಲ ಒಣಗಿ ಟೇಪು ತುಂಡು ತುಂಡಾಗಿತ್ತು. ತುದಿಗಳನ್ನ ಬ್ಲೇಡಲ್ಲಿ ಓರೆಯಾಗಿ ಕೊಯ್ದು ಕೂಡಿಸಿ ಅಂಟಿಸ್ದೆ... ಒಂದು ತುಂಡು ಮಾತ್ರ ಕೈಯಲ್ಲೇ ಪುಡಿಯಾಯ್ತು."

"ಯಾವ್ದು?"

ಲೋವೆಲ್ ನೆಲ ನೋಡಿದ. "ಕೊನೇ ಸಾಲು."

ನಮ್ಮ ಚರ್ಚಿನಲ್ಲಿ ವಾದ್ಯವಿಲ್ಲ. ಮುಂದೆ ನಿಂತವನು ಒಂದು ಸಾಲನ್ನು ಸರಸರನೆ ಹೇಳಿಕೊಡುತ್ತಾನೆ, ಜನ ಅದನ್ನೇ ಎಳೆದೆಳೆದು ಹಾಡುತ್ತಾರೆ. ಓಸಿಯ ಗಂಡ ಹೈರಮ್ ಹಾಗೆ ಹೇಳಿಕೊಡುತ್ತಿದ್ದವನು. ಆ ಟೇಪು ಅವನ ಕೊನೆಯ ಭಾನುವಾರದ್ದು. ಅಂದು ಬೆಳಿಗ್ಗೆ ಗಂಡನ ಜೊತೆ ಜಗಳವಾಡಿ ಓಸಿ ಮನೆಯಲ್ಲೇ ಉಳಿದಿದ್ದಳು. ಕೊನೇ ಸಾಲಿಗೆ ಅವನ ದನಿ ತಡವರಿಸಿತು, ಅತ್ತುಬಿಟ್ಟ ಅಂತ ಜನ ಬಂದು ಹೇಳಿದರು. ಮರುದಿನ ಗಣಿಗೆ ಇಳಿದವನು ಮೇಲೆ ಬರಲಿಲ್ಲ. ಅಳಿಸಿ ಕಳಿಸಿದೆನಲ್ಲ ಅನ್ನುವ ಸಂಕಟ ಅವಳನ್ನು ಅಂದಿನಿಂದ ಒಳಗೊಳಗೇ ತಿನ್ನುತ್ತಿತ್ತು.

"ನಂಗೆ ಬೇಕಾಗಿದ್ದು ಅದೊಂದೇ ಕಣೋ" ಅಂದಳು.

"ಆ ಜಾಗಕ್ಕೆ ಬಿಳಿ ಪಟ್ಟಿ ಹಾಕಿದೀನಿ. ಬರೀ ಪ್ಲಾಸ್ಟಿಕ್ಕು, ಅದಕ್ಕೆ ದನಿ ಅಂಟಲ್ಲ. ಅಷ್ಟು ಹೊತ್ತು ಸುಮ್ನಿರತ್ತೆ."

"ಬದುಕಿದ್ದಾಗ್ಲೂ ನಾನು ಏನಾದ್ರೂ ಕೇಳಿದ್ರೆ ಸುಮ್ನೇ ಇರ್ತಿದ್ರು, ಬಿಡು."

ಮರುದಿನ ಚರ್ಚಿನಲ್ಲಿ ಸತ್ತವರನ್ನು ನೆನೆಯುವ ಸಭೆ. ಲೋವೆಲ್ ಜನರಿಗೆ ಸ್ಪೀಕರ್ ಇಟ್ಟು, ತಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಟೇಪು ಓಡಿಸಿದ. ಹೈರಮ್ ಒಂದೊಂದೇ ಸಾಲು ಹೇಳಿಕೊಟ್ಟ, ಟೇಪಿನ ಜನರ ಜೊತೆ ಬೆಂಚಿನ ಜನವೂ ಹಾಡಿದರು. ಬಿಳಿ ಪಟ್ಟಿ ಬಂತು... ಲೋವೆಲ್‌ನ ಕಿವಿಯಲ್ಲಿ ಏನೂ ಇಲ್ಲ. ಉಸಿರಿನಷ್ಟೂ ಇಲ್ಲ. ಎಲ್ಲರೂ ಪೆಚ್ಚಾಗಿ ಕೂತಿರುತ್ತಾರೆ ಅಂತ ತಲೆ ಎತ್ತಿದ.

ಚರ್ಚಿನ ತುಂಬ ಬಾಯಿಗಳು ತೆರೆದಿದ್ದವು. ಹೆಡ್‌ಫೋನ್ ಕಿತ್ತ. ಎಲ್ಲರೂ ಕೊನೆಯ ಸಾಲನ್ನು ಹಾಡುತ್ತಿದ್ದರು... ಓಸಿ ಎಲ್ಲರಿಗಿಂತ ಜೋರಾಗಿ.

ಸಭೆ ಮುಗಿದ ಮೇಲೆ ಅವಳು ಲೋವೆಲ್‌ನ ತೋಳು ಹಿಡಿದುಕೊಂಡಳು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

"ಅತ್ತಿದ್ದಲ್ಲ ಕಣೋ ಅದು... ಸೀನು ತಡ್ಕೊಂಡಿದ್ದು. ಆ ಮನುಷ್ಯನ ಸೀನು ನಂಗೆ ಗೊತ್ತಿಲ್ವಾ? ಇಷ್ಟು ವರ್ಷ ಸುಮ್‌ಸುಮ್ನೆ ಅಳಿಸಿದ್ರಲ್ಲೋ ನನ್ನ, ಊರವರು."

"ನಂಗೇನೂ ಕೇಳಿಸ್ಲೇ ಇಲ್ಲ ದೊಡ್ಡಮ್ಮ."

"ನಿಂಗೆ ನಿದ್ದೆಗೇಡು. ಹೋಗು, ಮಲ್ಕೋ."

ಲೋವೆಲ್ ಆ ಟೇಪನ್ನು ಆಮೇಲೂ ಹಾಕಿ ಕೇಳಿದ್ದಾನೆ. ಬಿಳಿ ಪಟ್ಟಿಯಲ್ಲಿ ಸದ್ದಿಲ್ಲ. ಜನ ಅಭ್ಯಾಸಬಲದಿಂದ ಹಾಡಿಬಿಟ್ಟರು ಅಂತ ನೀವು ಅನ್ನಬಹುದು, ಅನ್ನಿ. ಆದರೆ ಅವತ್ತು ಓಸಿಯ ಹಿಂದಿನ ಬೆಂಚಿನಲ್ಲಿ ಕೂತಿದ್ದವಳು ನಾನು... ಹೈರಮ್ ಸಾಲು ಹೇಳಿಕೊಟ್ಟ, ಆಮೇಲೇ ನಾನು ಬಾಯಿ ತೆರೆದದ್ದು. ನಡುವೆ ಒಮ್ಮೆ ಅವನು ಮೂಗು ಸೊರ್ ಅನ್ನಿಸಿದ್ದೂ ನನಗೆ ಕೇಳಿಸಿತು.